ಮೂಲವ್ಯಾಧಿಯೆಂಬ ಮುಸುಕು

ದೇಹದ ಅಂಗಾಂಗಗಳಲ್ಲಿಯೂ ಮನುಷ್ಯನು ಪಂಕ್ತಿಭೇದವನ್ನು ಮಾಡಿಬಿಟ್ಟಿದ್ದಾನೆ. ಕಣ್ಣು, ತುಟಿ, ಹೃದಯಗಳಿಗೆ ಕವಿಗಳ ಸಭೆಯಲ್ಲಿ ಅಗ್ರಪೂಜೆ; ಹೊಟ್ಟೆ, ಬೆನ್ನು, ಮೊಣಕಾಲುಗಳಿಗೆ ಗಾದೆಗಳ ಸಾಲಿನಲ್ಲಿ ಒಂದೊಂದು ಮಣೆ. ಹುಟ್ಟಿದಂದಿನಿಂದ ಸಾಯುವವರೆಗೆ ಬಿಡುವಿಲ್ಲದೆ ಊಳಿಗ ಮಾಡುವ ಗುದದ್ವಾರಕ್ಕೆ ಮಾತ್ರ ಪಂಕ್ತಿಯಲ್ಲಿ ಎಲೆಯೇ ಇಲ್ಲ. ಅದರ ಹೆಸರೆತ್ತುವುದೂ ಅಸಭ್ಯ. ಹಿರಿಯರು ‘ಬಹಿರ್ದೆಸೆ’ ಎನ್ನುತ್ತಿದ್ದರು. ಮನೆಯಿಂದ ಹೊರಗಿನ ದಿಕ್ಕು ಎಂದಷ್ಟೇ ಅದರ ಅರ್ಥ. ಹೋಗುವ ದಿಕ್ಕನ್ನು ಹೇಳಿ, ಹೋದ ಕೆಲಸವನ್ನು ಹೇಳದೆ ಉಳಿಸುವ ಜಾಣತನ ಅದು.

ಆ ಭಾಗದಲ್ಲಿ ನೋವು ಕಾಣಿಸಿಕೊಂಡರೆ, ರಕ್ತ ಬಿದ್ದರೆ, ತುರಿಸಿದರೆ, ಕೈಗೆ ಗಂಟು ತಗಲಿದರೆ ಎಲ್ಲಕ್ಕೂ ಕನ್ನಡ ನಾಡಿನಲ್ಲಿ ಒಂದೇ ಮಾತು: ಮೂಲವ್ಯಾಧಿ. ಯಾವ ಪೇಟೆಯ ಬಸ್ ನಿಲ್ದಾಣದ ಬಳಿಯಾದರೂ ಆ ಹೆಸರಿನ ಫಲಕವೊಂದು ಕಣ್ಣಿಗೆ ಬೀಳದಿರದು. ಉಷ್ಣವಾಯಿತೆಂದು ಮಜ್ಜಿಗೆ ಕುಡಿಯುವುದು, ಖಾರ ಬಿಡುವುದು, ಸುವರ್ಣಗೆಡ್ಡೆಯ ಪಲ್ಯ ತಿನ್ನುವುದು ಇವೆಲ್ಲ ಮನೆಮನೆಯ ಉಪಚಾರ. ಸುವರ್ಣಗೆಡ್ಡೆಗೆ ಸಂಸ್ಕೃತದಲ್ಲಿ ‘ಅರ್ಶೋಘ್ನ’ವೆಂದೇ ಹೆಸರು, ಮೂಲವ್ಯಾಧಿಯನ್ನು ಕೊಲ್ಲುವಂಥದು ಎಂದರ್ಥ. ನೂರರಲ್ಲಿ ಬಹುಪಾಲು ಜನರ ಪಾಲಿಗೆ ಆ ಹೆಸರು ಸುಳ್ಳೂ ಅಲ್ಲ. ಆದರೆ ಒಂದು ವರ್ಗದ ಜನರಿಗೆ ಈ ಮಾತು ಹೊದಿಕೆಯಾಗಿ ಒಳಗಿನ ಕೆಡುಕನ್ನು ಮುಚ್ಚಿಡುವುದುಂಟು. ಅವರೇ ಎಚ್‌ಐವಿ ಸೋಂಕಿನೊಡನೆ ಬಾಳುತ್ತಿರುವವರು.

ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಬಿಟ್ಟಂಗಾಲವೆಂಬ ಊರಿದೆ. ಸುತ್ತಲೂ ಕಾಫಿಯ ತೋಟ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಭತ್ತದ ಗದ್ದೆ. ಅಲ್ಲಿ ಒಬ್ಬ ಗೃಹಸ್ಥರಿದ್ದಾರೆಂದು ಭಾವಿಸಬಹುದು. ಅವರಿಗೆ ಹೆಸರಿಡುವುದು ಬೇಡ, ಅವರಂತಹವರು ಒಬ್ಬಿಬ್ಬರಲ್ಲ. ತೋಟದ ಲೆಕ್ಕಪತ್ರ ನೋಡುವವರನ್ನು ಕೊಡಗಿನಲ್ಲಿ ರೈಟರೆಂದು ಕರೆಯುತ್ತಾರೆ. ಇವರು ಅಂತಹ ಒಬ್ಬ ರೈಟರು. ವಯಸ್ಸು 54. ಆಳುಗಳ ಹಾಜರಿ, ಹಣ್ಣಿನ ತೂಕ, ಗೊಬ್ಬರದ ಚೀಲ, ಎಲ್ಲಕ್ಕೂ ಅವರಲ್ಲಿ ಲೆಕ್ಕವುಂಟು. ಮದುವೆಯಾಗಲಿಲ್ಲ. ಅವರ ಮನಸ್ಸು ಹೆಣ್ಣಿನ ಕಡೆಗೆ ಒಲಿದುದೇ ಇಲ್ಲ. ಒಲಿದ ಕಡೆಯನ್ನು ಹೇಳಿಕೊಳ್ಳುವಂತಿರಲಿಲ್ಲ. ಮನೆಯಲ್ಲಿ ಅವರ ಹೊರತು ಇರುವವರೆಂದರೆ ವಿಧವೆಯಾದ ಅಕ್ಕ ಒಬ್ಬರೇ.

2009ರಲ್ಲಿ ಜ್ವರ ಬಿಡದೆ, ಮೈ ಸೊರಗಿ, ರಕ್ತಪರೀಕ್ಷೆ ಮಾಡಿಸಿದಾಗ ಅವರಿಗೆ ಎಚ್‌ಐವಿ ಸೋಂಕಿರುವುದು ತಿಳಿಯಿತು. ಅಂದಿನಿಂದ ಗುಳಿಗೆ ತಪ್ಪಿಸಿಲ್ಲ. ವಿರಾಜಪೇಟೆಗೆ ಬಂದು ಬಸ್ಸು ಬದಲಿಸಿ, ಕಾಕೋಟುಪರಂಬು ದಾಟಿ, ಬೇತ್ರಿಯ ಸೇತುವೆಯ ಮೇಲೆ ಕಾವೇರಿಯನ್ನು ಕಂಡು, ಮೂರ್ನಾಡಿನ ಮಾರ್ಗವಾಗಿ ಮಡಿಕೇರಿಯ ಎಆರ್‌ಟಿ ಕೇಂದ್ರಕ್ಕೆ ಹೋಗುವುದು. ಗುಳಿಗೆಯ ಡಬ್ಬಿಯನ್ನು ಚೀಲದ ತಳದಲ್ಲಿಟ್ಟು ಹಿಂದಿರುಗುವುದು. ಬಸ್ಸಿನ ಕುಲುಕಾಟಕ್ಕೆ ಡಬ್ಬಿ ಗಲಗಲ ಎನ್ನಬಾರದೆಂದು ಅದರೊಳಗೆ ಒಂದಿಷ್ಟು ಹತ್ತಿಯನ್ನು ತುರುಕುವರು. ಊರಿನವರು ಕೇಳಿದರೆ ಬ್ಯಾಂಕಿನ ಕೆಲಸ. ವರ್ಷಗಳು ಕಳೆದಂತೆ ಆ ಸುಳ್ಳು ಅವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟು ಅಭ್ಯಾಸವಾಗಿಹೋಯಿತು.

ಆ ಗುಳಿಗೆಯ ಮಹಿಮೆಯನ್ನು ಇಂದಿನ ತರುಣರು ಬಲ್ಲರೋ ಇಲ್ಲವೋ. ಭಾರತದಲ್ಲಿ ಈ ಸೋಂಕನ್ನು ಮೊದಲು ಗುರುತಿಸಿದುದು 1986ರಲ್ಲಿ, ಮದ್ರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಅವರೂ ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ಅವರೂ ಆ ಕೆಲಸ ಮಾಡಿದವರು. ಆಗ ರೋಗವನ್ನು ತಿಳಿಯುವುದಷ್ಟೇ ಸಾಧ್ಯವಿತ್ತು, ತಡೆಯುವುದು ಸಾಧ್ಯವಿರಲಿಲ್ಲ. ಸರ್ಕಾರವು ಉಚಿತವಾಗಿ ಔಷಧ ಕೊಡತೊಡಗಿದುದು 2004ರ ಏಪ್ರಿಲ್ 1ರಿಂದ. ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿದ್ದುದರಿಂದ ಆರಂಭದಲ್ಲಿಯೇ ಇಲ್ಲಿಗೂ ಅದು ಬಂದಿತು. 2017ರಿಂದ ಸೋಂಕು ತಿಳಿದ ಕೂಡಲೇ, ಮೈ ಕುಸಿಯುವವರೆಗೆ ಕಾಯದೆ, ಎಲ್ಲರಿಗೂ ಗುಳಿಗೆ ಆರಂಭಿಸುವ ಪದ್ಧತಿಯಾಯಿತು. ತಪ್ಪದೆ ನುಂಗಿದವರ ರಕ್ತದಲ್ಲಿ ವೈರಾಣು ಎಣಿಕೆಗೆ ಸಿಕ್ಕದಷ್ಟು ಕಡಿಮೆಯಾಗುತ್ತದೆ. ಹಾಗೆ ಉಳಿದವರಿಂದ ಸಂಗಾತಿಗೆ ಸಂಭೋಗದ ಮೂಲಕ ಸೋಂಕು ಹರಡುವುದಿಲ್ಲವೆಂದೂ ಸಿದ್ಧವಾಗಿದೆ.

ಹೀಗೆ ಆಯುಸ್ಸು ಬಂದಿತು. ಆಯುಸ್ಸಿನ ಜೊತೆಗೆ, ನಿಧಾನವಾಗಿ ಬೆಳೆಯುವ ಕಾಯಿಲೆಗಳಿಗೂ ಕಾಲಾವಕಾಶ ದೊರೆಯಿತು. ಅವುಗಳಲ್ಲಿ ಒಂದು ಗುದದ ಕ್ಯಾನ್ಸರ್. ಅದಕ್ಕೂ ಮೊದಲು ಬರುವುದು ಜೀವಕೋಶಗಳ ಒಂದು ಬಗೆಯ ಕೆಡುವಿಕೆ. ಅದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರಿನ ಹೊಸ್ತಿಲು.

ಇದಕ್ಕೆ ಕಾರಣ ಎಚ್‌ಐವಿ ನೇರವಾಗಿ ಅಲ್ಲ. ಎಚ್‌ಪಿವಿ ಎಂಬ ಬೇರೊಂದು ವೈರಾಣು. ಹ್ಯೂಮನ್ ಪ್ಯಾಪಿಲೋಮಾ ವೈರಸ್ ಎಂಬುದು ಅದರ ಪೂರ್ಣ ನಾಮ. ಇದರ ಬಳಗ ದೊಡ್ಡದು. ಇನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಕೆಲವು ಕೈಕಾಲಿನ ಮೇಲೆ ನರಹುಲಿ ಎಬ್ಬಿಸಿ ಸುಮ್ಮನಾಗುತ್ತವೆ. ಒಂದು ಹನ್ನೆರಡರಷ್ಟು ಪ್ರಭೇದಗಳು ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಅವುಗಳಲ್ಲಿ 16ನೆಯದು ಮುಖ್ಯ. ಹೆಂಗಸರ ಗರ್ಭಕಂಠದ ಕ್ಯಾನ್ಸರಿಗೆ ಕಾರಣವೂ ಇದೇ. ಅದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ವೈದ್ಯಕೀಯದ ನೊಬೆಲ್ ಪಾರಿತೋಷಕದ ಅರ್ಧ ಭಾಗ ಸಂದಿತು. ಉಳಿದ ಅರ್ಧ ಸಂದುದು ಎಚ್‌ಐವಿಯನ್ನು ಕಂಡುಹಿಡಿದ ಫ್ರಾನ್ಸ್‌ವಾಜ್ ಬಾರೆ ಸಿನೂಸಿ ಮತ್ತು ಲುಕ್ ಮೊಂಟಾನಿಯೆ ಅವರಿಗೆ. ಒಂದೇ ವೇದಿಕೆಯಲ್ಲಿ ಪಾರಿತೋಷಕ ತಂದ ಆ ಎರಡು ವೈರಾಣುಗಳು ಒಂದೇ ದೇಹದಲ್ಲಿ ಕೂಡಿದಾಗ ಏನಾಗುತ್ತದೆಂಬುದೇ ಇಲ್ಲಿನ ಪ್ರಶ್ನೆ.

ಗರ್ಭಕಂಠದಲ್ಲಿಯೂ ಗುದದ್ವಾರದ ಒಳಗೂ ಎರಡು ಬಗೆಯ ಜೀವಕೋಶಗಳು ಸಂಧಿಸುವ ಒಂದು ಗಡಿಯಿದೆ. ಎಚ್‌ಪಿವಿ ಬೀಡುಬಿಡುವುದು ಬಹುವಾಗಿ ಅಂತಹ ಗಡಿಯಲ್ಲಿಯೇ. ಆರೋಗ್ಯವಂತರ ದೇಹವು ಒಂದೆರಡು ವರ್ಷಗಳಲ್ಲಿ ಅದನ್ನು ಸಾಮಾನ್ಯವಾಗಿ ಹೊರದೂಡಿಬಿಡುತ್ತದೆ. ಎಚ್‌ಐವಿಯಿಂದ ರಕ್ಷಣಾಶಕ್ತಿ ಒಮ್ಮೆ ತೀರ ಕುಗ್ಗಿದ್ದವರಲ್ಲಿ ಅದು ಬೇರೂರುತ್ತದೆ. ಮುಂದೆ ಗುಳಿಗೆಯಿಂದ ಶಕ್ತಿ ಮರಳಿದರೂ ಹಳೆಯ ಹಾನಿ ಪೂರ್ತಿಯಾಗಿ ಅಳಿಯುವುದಿಲ್ಲ. ಹೊಗೆಸೊಪ್ಪಿನ ಚಟವಿದ್ದರೆ ಅಪಾಯ ಇನ್ನಷ್ಟು ಹೆಚ್ಚು. ಅನೇಕ ದೇಶಗಳ ಅಧ್ಯಯನಗಳನ್ನು ಕೂಡಿಸಿ 2021ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ಸಾಮಾನ್ಯ ಜನರಲ್ಲಿ ಒಂದು ಲಕ್ಷಕ್ಕೆ ವರ್ಷದಲ್ಲಿ ಒಬ್ಬರಿಗೋ ಇಬ್ಬರಿಗೋ ಈ ಕ್ಯಾನ್ಸರ್ ಬಂದರೆ, ಎಚ್‌ಐವಿ ಇರುವ ಹೆಂಗಸರಲ್ಲಿ 22 ಮಂದಿಗೆ, ಗಂಡಸರಲ್ಲಿ 32 ಮಂದಿಗೆ, ಗಂಡಸರೊಡನೆ ದೇಹಸಂಬಂಧವಿರುವ ಗಂಡಸರಲ್ಲಿ 85 ಮಂದಿಗೆ ಬರುತ್ತದೆ. ಇದು ಒಂದೇ ಬಗೆಯ ನಡತೆಯ ಜನರ ಕಾಯಿಲೆಯೆಂದು ಮೂಗು ಮುರಿಯುವವರು ಮೊದಲ ಎರಡು ಸಂಖ್ಯೆಗಳನ್ನು ಇನ್ನೊಮ್ಮೆ ಓದುವುದು ಒಳ್ಳೆಯದು. ಚರ್ಮಕ್ಕೆ ಚರ್ಮ ತಗಲಿದರೆ ಸಾಕು, ಎಚ್‌ಪಿವಿ ದಾಟುತ್ತದೆ. ಗಂಡನೊಬ್ಬನನ್ನೇ ಕಂಡು ಅವನಿಂದಲೇ ಸೋಂಕು ಪಡೆದ ಗೃಹಿಣಿಯೂ ಈ ಲೆಕ್ಕದೊಳಗೇ ಬರುತ್ತಾಳೆ.

ರೈಟರಿಗೆ ಈ ಲೆಕ್ಕ ಯಾವುದೂ ತಿಳಿದಿರಲಿಲ್ಲ. ಅವರಿಗೆ ತಿಳಿದುದು ಬಹಿರ್ದೆಸೆಯಲ್ಲಿ ಆಗಾಗ ಕಾಣುವ ರಕ್ತ, ಕುಳಿತರೆ ಒಂದು ಬಗೆಯ ಚುಚ್ಚು, ಬೆರಳಿಗೆ ತಗಲುವ ಒಂದು ಸಣ್ಣ ಗಂಟು. ಮೂಲವ್ಯಾಧಿಯೆಂದರು, ಅಕ್ಕ ಸುವರ್ಣಗೆಡ್ಡೆ ಬೇಯಿಸಿದರು. ಪೇಟೆಯ ವೈದ್ಯರೊಬ್ಬರ ಬಳಿ ಹೋಗಿ ಮೆಲುದನಿಯಲ್ಲಿ ಅದೇ ಶಬ್ದವನ್ನು ಉಚ್ಚರಿಸಿದರು. ವೈದ್ಯರೂ ತಲೆಯೆತ್ತದೆ ಅದೇ ಶಬ್ದವನ್ನು ಚೀಟಿಯಲ್ಲಿ ಬರೆದು ಒಂದು ಮುಲಾಮು ಕೊಟ್ಟರು. ನೋಡಿ ಎಂದು ಇವರು ಹೇಳಲಿಲ್ಲ. ನೋಡುತ್ತೇನೆ ಎಂದು ಅವರು ಕೇಳಲಿಲ್ಲ. ಇಬ್ಬರ ಸಂಕೋಚಗಳೂ ಕೈ ಕುಲುಕಿ ಬೀಳ್ಕೊಂಡವು. ಮುಲಾಮು ಮುಗಿಯಿತು, ಇನ್ನೊಂದು ಬಂದಿತು. ಎರಡು ಮಳೆಗಾಲ ಕಳೆದವು.

ಎಆರ್‌ಟಿ ಕೇಂದ್ರದಲ್ಲಾದರೂ ಹೇಳಬಹುದಿತ್ತಲ್ಲವೆ? ಅಲ್ಲಿ ಹೇಳುವುದು ಇನ್ನೂ ಕಷ್ಟವೆನಿಸಿತ್ತು. ಅಲ್ಲಿನ ದಾಖಲೆಯಲ್ಲಿ ಸೋಂಕು ಬಂದ ದಾರಿಯ ಬಗ್ಗೆ ಅವರು ಅಂದು ಬರೆಸಿದುದು ಅರ್ಧ ಸತ್ಯ. ಈ ನೋವಿನ ಹೆಸರೆತ್ತಿದರೆ ಅದರ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಬರುವುದು, ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಜೀವಮಾನವೆಲ್ಲ ಕಟ್ಟಿದ ಗೋಡೆ ಕುಸಿಯುವುದು ಎಂಬುದು ಅವರ ಅಂಜಿಕೆ. ಕೊಡಗಿನವರು 2018ನೆಯ ಇಸವಿಯನ್ನು ನೆನೆಯುವುದು ಆಗಸ್ಟಿನಲ್ಲಿ ಗುಡ್ಡಗಳು ಕುಸಿದ ವರ್ಷವೆಂದು. ಅದೇ ವರ್ಷದ ಸೆಪ್ಟೆಂಬರ್ 6ರಂದು, ವಯಸ್ಕ ಗಂಡಸರಿಬ್ಬರ ಒಪ್ಪಿಗೆಯ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ನಾಲ್ಕು ದಿನಗಳ ಅನಂತರ, ಸೆಪ್ಟೆಂಬರ್ 10ರಂದು, ಎಚ್‌ಐವಿ ಇರುವವರ ಗುಟ್ಟನ್ನು ಕಾಪಾಡಬೇಕೆಂದೂ ಅವರಿಗೆ ಭೇದಭಾವ ತೋರಬಾರದೆಂದೂ ವಿಧಿಸುವ ಕಾನೂನು ಜಾರಿಗೆ ಬಂದಿತು. ರೈಟರು ಎರಡನ್ನೂ ಪತ್ರಿಕೆಯಲ್ಲಿ ಓದಿ, ಪತ್ರಿಕೆಯನ್ನು ಮಡಿಸಿ, ಮೇಜಿನ ಮೇಲಿಟ್ಟರು. ಕಾನೂನು ಹೊರಗಿನ ಬಾಗಿಲನ್ನು ತೆರೆಯಬಲ್ಲದು. ಒಳಗಿನ ಚಿಲಕವನ್ನು ಮನುಷ್ಯನೇ ತೆಗೆಯಬೇಕು.

ಆ ಚಿಲಕವನ್ನು ಸಡಿಲಿಸಿದುದು ಕೇಂದ್ರಕ್ಕೆ ಹೊಸದಾಗಿ ಬಂದ ವೈದ್ಯೆಯೊಬ್ಬರ ಒಂದು ಸಾಮಾನ್ಯ ಪ್ರಶ್ನೆ.

“ಬಹಿರ್ದೆಸೆಗೆ ಹೋಗುವಾಗ ರಕ್ತ ಬೀಳುವುದುಂಟೆ? ನೋವಿದೆಯೆ? ಗಂಟೇನಾದರೂ ಕೈಗೆ ತಗಲುತ್ತದೆಯೆ?” ಎಂದು ಕೇಳಿ, ಅವರ ಮುಖ ಕೆಂಪಾದುದನ್ನು ಕಂಡು, “ಇದನ್ನು ಇಲ್ಲಿಗೆ ಬರುವವರೆಲ್ಲರಿಗೂ ಕೇಳುತ್ತೇನೆ. ಹೆಂಗಸರಿಗೂ ಕೇಳುತ್ತೇನೆ, ನಿಮಗೊಬ್ಬರಿಗೇ ಅಲ್ಲ” ಎಂದರು.

ಎಲ್ಲರಿಗೂ ಎಂಬ ಆ ಒಂದು ಮಾತಿನಿಂದ ರೈಟರ ನಾಲಗೆಯ ಮೇಲಿನ ಭಾರ ಇಳಿಯಿತು. ಉಂಟು ಎಂದರು. ಬೇರೆ ಪ್ರಶ್ನೆಯನ್ನು ವೈದ್ಯೆ ಕೇಳಲೇ ಇಲ್ಲ. ರೈಟರೇ ತಾವಾಗಿ ಹಳೆಯ ಅರ್ಧ ಸತ್ಯದ ಉಳಿದ ಅರ್ಧವನ್ನೂ ಹೇಳಿದರು. ಅನಂತರದ ಪರೀಕ್ಷೆಗೆ ಬೇಕಾದುದು ಒಂದು ಕೈಗವಸು, ಸ್ವಲ್ಪ ಜಾರುವ ಲೇಪ, ಎರಡು ನಿಮಿಷದ ಕಾಲ. ಬೆರಳಿಗೆ ಗಟ್ಟಿಯಾದ ಒಂದು ಜಾಗ ತಗಲಿತು. ಅದು ಮೂಲವ್ಯಾಧಿಯಂತೆ ಮೆತ್ತಗಿರಲಿಲ್ಲ.

ಮೈಸೂರಿನ ಶಸ್ತ್ರವೈದ್ಯರೊಬ್ಬರು ಆ ಸಣ್ಣ ಗಂಟನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿ ಬರುವವರೆಗಿನ ಹತ್ತು ದಿನ ರೈಟರು ತೋಟದ ಹಾಜರಿ ಪುಸ್ತಕದಲ್ಲಿ ಮೂರು ಸಲ ಕೂಡುವ ಲೆಕ್ಕವನ್ನು ತಪ್ಪಿದರು. ಆಳುಗಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅವರ ಲೆಕ್ಕ ತಪ್ಪಿದುದನ್ನು ಯಾರೂ ಕಂಡಿರಲಿಲ್ಲ. ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ‘ಹೈ ಗ್ರೇಡ್’ ಎಂಬ ಮಾತಿತ್ತು. ಜೀವಕೋಶಗಳು ಬಹಳವಾಗಿ ಕೆಟ್ಟಿವೆ, ಆದರೆ ತಮ್ಮ ಎಲ್ಲೆಯನ್ನು ದಾಟಿ ಒಳಗಿಳಿದಿಲ್ಲವೆಂದು ಅದರ ಅರ್ಥ.

ಶಸ್ತ್ರವೈದ್ಯರು ಬಿಡಿಸಿ ಹೇಳುವಾಗ ರೈಟರಿಗೆ ಅರೇಬಿಕಾ ಕಾಫಿಗೆ ಬೀಳುವ ಕಾಂಡಕೊರಕ ಹುಳುವಿನ ನೆನಪಾಯಿತು. ಗಿಡ ಹೊರಗೆ ಹಸಿರಾಗಿಯೇ ಇರುತ್ತದೆ. ಹುಳು ಕಾಂಡದೊಳಗೆ ಕೊರೆಯುತ್ತಿರುತ್ತದೆ. ಎಲೆ ಹಳದಿಯಾಗುವವರೆಗೆ ಕಾದವನಿಗೆ ಗಿಡ ದಕ್ಕದು. ಆದುದರಿಂದಲೇ ಹುಳು ರೆಕ್ಕೆ ಬಂದು ಹಾರುವ ಕಾಲಕ್ಕೆ ಮುಂಚೆ ಆಳುಗಳು ಗಿಡಗಿಡದ ಕಾಂಡವನ್ನೂ ನೋಡಿ ಹುಡುಕುತ್ತಾರೆ. ಹಾಗೆ ಹುಡುಕುವುದನ್ನು ಯಾವ ತೋಟಗಾರನೂ ಅವಮಾನವೆಂದು ತಿಳಿಯುವುದಿಲ್ಲ.

ಹುಡುಕಿ ಸುಡುವುದರಿಂದ ನಿಜವಾಗಿಯೂ ಪ್ರಯೋಜನವುಂಟೆ? ಬಹುಕಾಲ ಈ ಪ್ರಶ್ನೆಗೆ ಖಚಿತವಾದ ಉತ್ತರವಿರಲಿಲ್ಲ. ಅಮೆರಿಕದ 25 ಆಸ್ಪತ್ರೆ, ಚಿಕಿತ್ಸಾಲಯಗಳಲ್ಲಿ ‘ಆಂಕರ್’ ಎಂಬ ಹೆಸರಿನ ದೊಡ್ಡ ಪ್ರಯೋಗ ನಡೆದು, ಅದರ ಫಲ 2022ರಲ್ಲಿ ಪ್ರಕಟವಾಯಿತು. ಎಚ್‌ಐವಿ ಇದ್ದು, ವಯಸ್ಸು 35 ದಾಟಿ, ಈ ಹೈ ಗ್ರೇಡ್ ಕೆಡುವಿಕೆಯೂ ಇದ್ದ 4,400ಕ್ಕೂ ಹೆಚ್ಚು ಜನರನ್ನು ಎರಡು ಪಾಲು ಮಾಡಲಾಯಿತು. ಒಂದು ಪಾಲಿನವರಿಗೆ ಕೆಟ್ಟ ಭಾಗವನ್ನು ಸುಟ್ಟೋ ಬೇರೆ ವಿಧದಿಂದಲೋ ತೆಗೆದರು; ಇನ್ನೊಂದು ಪಾಲಿನವರನ್ನು ಎಚ್ಚರಿಕೆಯಿಂದ ನೋಡುತ್ತಿದ್ದರು. ಎರಡು ವರ್ಷಕ್ಕೆ ಸ್ವಲ್ಪ ಮೇಲ್ಪಟ್ಟ ಕಾಲದಲ್ಲಿ ಮೊದಲ ಪಾಲಿನಲ್ಲಿ 9 ಮಂದಿಗೆ, ಎರಡನೆಯದರಲ್ಲಿ 21 ಮಂದಿಗೆ ಕ್ಯಾನ್ಸರ್ ಕಂಡಿತು. ಅಪಾಯ ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಈ ಲೆಕ್ಕದಿಂದ ಇನ್ನೊಂದು ಸಮಾಧಾನವೂ ಉಂಟು. ಚಿಕಿತ್ಸೆ ಇಲ್ಲದಿದ್ದವರಲ್ಲಿಯೂ ಕ್ಯಾನ್ಸರಿಗೆ ತಿರುಗಿದುದು ವರ್ಷಕ್ಕೆ ಸಾವಿರದಲ್ಲಿ ಸುಮಾರು ನಾಲ್ವರಿಗೆ ಮಾತ್ರ. ಹೈ ಗ್ರೇಡ್ ಎಂದ ಮಾತ್ರಕ್ಕೆ ಮರಣಶಾಸನವಲ್ಲ. ಆದರೆ ಆ ನಾಲ್ವರು ಯಾರೆಂದು ಮೊದಲೇ ಹೇಳುವ ಜ್ಯೋತಿಷ್ಯವಿಲ್ಲವಾದುದರಿಂದ ನೋಡುತ್ತಿರುವುದೇ ವಿವೇಕ.

ರೈಟರಿಗೆ ಉಳಿದ ಭಾಗವನ್ನೂ ಸುಟ್ಟು ತೆಗೆದರು. ಒಂದು ವಾರ ಬಿಸಿನೀರಿನ ತೊಟ್ಟಿಯಲ್ಲಿ ಕುಳಿತದ್ದಾಯಿತು. ಮತ್ತೆ ಮರಳುವ ಸ್ವಭಾವ ಅದಕ್ಕಿರುವುದರಿಂದ ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕೆಂದು ಹೇಳಿ ಕಳುಹಿಸಿದರು.

ಅಕ್ಕನಿಗೆ ಹೇಳುವ ಕಾರ್ಯ ಇನ್ನೂ ಉಳಿದಿತ್ತು. ಗುಳಿಗೆಯ ವಿಷಯ ಆಕೆ ಬಲ್ಲರು. ಮೊದಲ ದಿನ ಆಸ್ಪತ್ರೆಯಲ್ಲಿ ಮನೆಯವರೆಂದು ಜೊತೆಗೆ ಕುಳಿತವರೇ ಆಕೆ. ಒಂದು ಸಂಜೆ ಜಗಲಿಯ ಮೇಲೆ ಕಾಳುಮೆಣಸು ಆರಿಸುತ್ತಿದ್ದಾಗ ರೈಟರು ನೆಲ ನೋಡುತ್ತ ಹೇಳಿ ಮುಗಿಸಿದರು. ಆಕೆ ಕೈ ನಿಲ್ಲಿಸಲಿಲ್ಲ.

“ಹೋದ ವರ್ಷ ಆಶಾ ಕಾರ್ಯಕರ್ತೆ ಬಂದು ನನ್ನನ್ನು ಕರೆದುಕೊಂಡು ಹೋಗಲಿಲ್ಲವೆ? ಮಲಗಿಸಿ, ವಿನೆಗರ್ ಹಚ್ಚಿ ನೋಡುತ್ತೇವೆ ಎಂದರು. ಕಾಚಂಪುಳಿಯನ್ನೇ ಹಚ್ಚುತ್ತಾರೋ ಏನೋ ಎಂದು ನಡುಗಿಹೋಗಿದ್ದೆ. ಐದು ನಿಮಿಷ, ಮುಗಿಯಿತು. ನಾಲ್ಕು ಜನ ಹೆಂಗಸರು ಸಾಲಾಗಿ ಕುಳಿತಿದ್ದೆವು. ಯಾರಿಗೆ ಯಾರ ನಾಚಿಕೆ?”

“ನನ್ನದು ಬೇರೆ ಅಲ್ಲವೆ, ಅಕ್ಕ?”

“ಬೇರೆ ಏನು? ಕೆಟ್ಟದ್ದನ್ನು ಕೆಡುವ ಮೊದಲು ನೋಡುವುದು ತಾನೆ? ಉಳಿದದ್ದನ್ನು ಯಾಕೆ, ಎಲ್ಲಿ, ಯಾರು ಎಂದು ಇಷ್ಟು ವರ್ಷ ನಾನು ಕೇಳಿದ್ದೇನೆಯೆ, ತಮ್ಮ? ಇನ್ನು ಮೇಲೆಯೂ ಕೇಳುವುದಿಲ್ಲ. ಆರು ತಿಂಗಳಿಗೊಮ್ಮೆ ಮೈಸೂರಿಗೆ ಹೋಗುವುದನ್ನು ಮಾತ್ರ ಕೇಳುತ್ತೇನೆ.”

ಆಕೆ ತಿಳಿದೋ ತಿಳಿಯದೆಯೋ ಆಡಿದ ಮಾತಿನಲ್ಲಿ ವೈದ್ಯಶಾಸ್ತ್ರದ ಸತ್ಯವೇ ಇತ್ತು. ಎರಡು ಕಡೆಯೂ ವೈರಾಣು ಒಂದೇ. ಗಡಿಯ ಸ್ವಭಾವ ಒಂದೇ. ಗುದದ ಪರೀಕ್ಷೆಯಲ್ಲಿಯೂ ತಜ್ಞರು ವಿನೆಗರಿನಂತಹ ದ್ರಾವಣವನ್ನೇ ಹಚ್ಚಿ, ದೊಡ್ಡದಾಗಿ ತೋರಿಸುವ ಕನ್ನಡಿಯಲ್ಲಿ ಬಿಳುಪೇರಿದ ಜಾಗವನ್ನು ಹುಡುಕುತ್ತಾರೆ. ವ್ಯತ್ಯಾಸವೆಂದರೆ ಗರ್ಭಕಂಠದ ಪರೀಕ್ಷೆಗೆ ಒಂದು ಹೆಸರು ದೊರೆತಿದೆ. 30ರಿಂದ 65 ವರ್ಷದ ಹೆಂಗಸರಿಗೆ ಅದು ಸರ್ಕಾರದ ಕಾರ್ಯಕ್ರಮವಾಗಿದೆ. ಜಗಲಿಯ ಮೇಲೆ ಕುಳಿತು ಆಡಬಹುದಾದ ಮಾತಾಗಿದೆ. ಇನ್ನೊಂದು ಪರೀಕ್ಷೆ ಹೆಸರಿಲ್ಲದೆ ಕತ್ತಲಲ್ಲಿ ನಿಂತಿದೆ.

ಎಚ್‌ಐವಿ ಇದ್ದು ಗಂಡಸರೊಡನೆ ಸಂಬಂಧವಿರುವ ಗಂಡಸರೂ ಲಿಂಗಪರಿವರ್ತಿತ ಮಹಿಳೆಯರೂ 35ರಿಂದ, ಎಚ್‌ಐವಿ ಇರುವ ಇತರರೆಲ್ಲರೂ 45ರಿಂದ ಈ ತಪಾಸಣೆಗೆ ಒಳಗಾಗಬೇಕೆಂದು ಅಂತರರಾಷ್ಟ್ರೀಯ ತಜ್ಞರ ಸಂಘವು 2024ರಲ್ಲಿ ಸಲಹೆಯಿತ್ತಿದೆ. ಗರ್ಭಕಂಠದಲ್ಲಿ ಒಮ್ಮೆ ಇಂತಹ ಕೆಡುವಿಕೆ ಕಂಡಿದ್ದ ಹೆಂಗಸರು ವಿಶೇಷವಾಗಿ ಎಚ್ಚರದಿಂದಿರಬೇಕು. ಕನ್ನಡಿಯ ಪರೀಕ್ಷೆ ಬಲ್ಲವರು ದೊಡ್ಡ ನಗರಗಳಲ್ಲಿಯೂ ವಿರಳ. ಆದರೆ ಕೇಳುವ ಮಾತಿಗೂ ಕೈಗವಸು ತೊಟ್ಟ ಬೆರಳಿಗೂ ದೊಡ್ಡ ನಗರ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆ ಸಾಕು. ಮುಂದಿನ ಪೀಳಿಗೆಗಂತೂ ಇದಕ್ಕಿಂತ ಸುಲಭವಾದ ದಾರಿಯುಂಟು. ಎಚ್‌ಪಿವಿಗೆ ಲಸಿಕೆಯಿದೆ, ಪುಣೆಯ ಸೀರಮ್ ಸಂಸ್ಥೆ 2023ರಲ್ಲಿ ಸ್ವದೇಶೀ ಲಸಿಕೆಯನ್ನು ಹೊರತಂದಿತು. ಹುಡುಗಿಯರಿಗೆ ಮಾತ್ರವಲ್ಲ, ಹುಡುಗರಿಗೂ ಅದು ಸಲ್ಲುತ್ತದೆ. ಆದರೆ ಅದು ಬರುವುದನ್ನು ತಡೆಯುತ್ತದೆ, ಬಂದುದನ್ನು ಕಳೆಯುವುದಿಲ್ಲ. ಆದುದರಿಂದ ಮಕ್ಕಳು ದೊಡ್ಡವರಾಗುವ ಮೊದಲೇ ತಾಯಿತಂದೆಗಳು ಯೋಚಿಸತಕ್ಕ ವಿಷಯ.

ಮೂಲವ್ಯಾಧಿಯೆಂಬ ಮಾತನ್ನು ಯಾರೂ ಬಿಡಬೇಕಾಗಿಲ್ಲ. ನೂರು ಜನರಲ್ಲಿ ಬಹುಪಾಲು ಜನರಿಗೆ ಅದು ಮುಂದೆಯೂ ಸರಿಯಾದ ಹೆಸರೇ ಆಗಿರುತ್ತದೆ, ಸುವರ್ಣಗೆಡ್ಡೆಯ ಪಲ್ಯವೂ ರುಚಿಯಾಗಿಯೇ ಇರುತ್ತದೆ. ಅದು ನೋಡಿದ ಮೇಲೆ ವೈದ್ಯರು ಹೇಳಬೇಕಾದ ಹೆಸರೆಂಬುದನ್ನು ಮಾತ್ರ ಮರೆಯಬಾರದು. ನೋಡದಿರುವುದಕ್ಕೆ ಅದು ನೆಪವಾಗಬಾರದು.